ಬಾಯ್ಲರ್ ಎಸೆನ್‌ಕುಲ್‌ನ ಪರಿಣಾಮಕಾರಿ ರೆಸ್ಯೂಮೆ

ಕಿರ್ಗಿಜ್ ನಾಡಿನ ಸಾರೀ-ಕಾಪ್ಕಾ ಪಟ್ಟಣದಲ್ಲಿ ಯಾರೂ ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ. ಇದು ಕಾನೂನಲ್ಲ, ಆದ್ದರಿಂದಲೇ ಎಲ್ಲರೂ ಪಾಲಿಸುತ್ತಾರೆ. ತನ್ನ ಕುದುರೆ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದರೂ ಸವಾರ 'ಏನೋ ಕುಂಟಿಕೊಂಡು ಬಂತು' ಎನ್ನಬೇಕು. ಹೊಗಳುವ ಕೆಲಸ ಬೇರೆಯವರದು, ಅದೂ ಮಾಂಸ ಬೆಂದ ಮೇಲೆ. ಇಂಥ ಊರಿನ ಉದ್ಯೋಗ ಕೇಂದ್ರಕ್ಕೆ ರಾಜಧಾನಿಯಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಪರಿಣಾಮಕಾರಿ ರೆಸ್ಯೂಮೆ ಇಲ್ಲದ ಯಾವ ಅರ್ಜಿಯನ್ನೂ ಸ್ವೀಕರಿಸತಕ್ಕದ್ದಲ್ಲ. ಪರಿಣಾಮಕಾರಿ ರೆಸ್ಯೂಮೆ ಎಂದರೆ ಅಭ್ಯರ್ಥಿಯು ತನ್ನ ಸಾಧನೆಗಳನ್ನು ಸಂಕೋಚವಿಲ್ಲದೆ, ಬಲವಾದ ಕ್ರಿಯಾಪದಗಳಲ್ಲಿ ನಿರೂಪಿಸಿರುವಂಥದ್ದು ಎಂದು ಅದರಲ್ಲಿ ತಿಳಿಸಲಾಗಿತ್ತು.

ಎಸೆನ್‌ಕುಲ್‌ಗೆ ಕೆಲಸ ಬೇಕಾದದ್ದು ಅದೇ ಶರತ್ಕಾಲದಲ್ಲಿ. ಅವನು ಕಂಬಳಿ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಕಾರ್ಖಾನೆ ಮುಚ್ಚಿತು. ಶಾಲೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕ ಮಗಳ ಮನೆಗೆ ಹೋಗಿಬಿಟ್ಟಿದ್ದರಿಂದ ಆ ಕೆಲಸ ಖಾಲಿ ಬಿದ್ದಿತ್ತು. ಎಸೆನ್‌ಕುಲ್‌ನ ಹೆಂಡತಿ ಬುರುಲ್ಚಾ ಲೆಕ್ಕಾಚಾರವನ್ನು ಚುಟುಕಾಗಿ ಮುಗಿಸಿದ್ದಳು.

"ನೋಡ್ರೀ, ಮೊದಲ ಹಿಮ ಬೀಳೋದ್ರೊಳಗೆ ಶಾಲೆ ಕೆಲಸ ಸಿಕ್ತೋ, ಸರಿ. ಇಲ್ಲ ಅಂದ್ರೆ ನಮ್ಮಣ್ಣನ ಜೊತೆ ರಷ್ಯಾಕ್ಕೆ ಹೊರಡಿ. ಅಲ್ಲಿ ಗೋದಾಮಲ್ಲಿ ಪೆಟ್ಟಿಗೆ ಹೊರೋರು ಬೇಕಂತೆ."

ಎಸೆನ್‌ಕುಲ್‌ಗೆ ರಷ್ಯಾಕ್ಕೆ ಹೋಗುವುದು ಬೇಡವಾಗಿತ್ತು. ಅಲ್ಲಿಗೆ ಹೋದ ನೆರೆಮನೆಯವರು ಮಕ್ಕಳ ಮುಖವನ್ನು ಫೋನಿನಲ್ಲಿ ಮಾತ್ರ ನೋಡುತ್ತಿದ್ದರು. ಅವನಿಗೋ ಹೆಂಡತಿಯ ಬೈಗುಳವನ್ನೂ ಎದುರಿಗೇ ಕೂತು ಕೇಳುವ ಆಸೆ. ಇದನ್ನು ಅವನು ಯಾರ ಬಳಿಯೂ ಹೇಳಿರಲಿಲ್ಲ. ಮಾರನೆಯ ದಿನವೇ ರೆಸ್ಯೂಮೆ ಬರೆದುಕೊಂಡು ಉದ್ಯೋಗ ಕೇಂದ್ರಕ್ಕೆ ಹೋದ.

ಕೇಂದ್ರದ ಅಧಿಕಾರಿ ಜಿಪಾರ್ ಎಂಬ ಯುವತಿ. ಅವಳು ಹಾಳೆಯನ್ನು ಓದಿದಳು, ಹಿಂದೆ ತಿರುಗಿಸಿ ನೋಡಿದಳು, ಮತ್ತೆ ಮುಂದೆ ತಿರುಗಿಸಿದಳು. ಅದರಲ್ಲಿ 'ಬೆಂಕಿ ಉರಿಸುತ್ತೇನೆ. ಆರಲು ಬಿಡುವುದಿಲ್ಲ' ಎಂದಷ್ಟೇ ಇತ್ತು.

"ಎಸೆನ್‌ಕುಲ್ ಅಣ್ಣ, ಇದು ರೆಸ್ಯೂಮೆನಾ, ಬಾಗಿಲಿಗೆ ಅಂಟಿಸೋ ಚೀಟಿನಾ?"

"ಇರೋದೇ ಅಷ್ಟು, ತಂಗಿ."

"ಪರಿಣಾಮ ಎಲ್ಲಿದೆ? ಮುನ್ನಡೆಸಿದೆ, ಸ್ಥಾಪಿಸಿದೆ, ಪರಿವರ್ತಿಸಿದೆ, ಹಿಂಗೆ ಬರೀಬೇಕು."

"ನನ್ ಬಾಯಿಂದ ನನ್ನನ್ನ ನಾನೇ ಹೊಗಳ್ಕೊಳ್ಳೋದಾ? ಥೂ, ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಹೊಡೀತಾರೆ."

ಜಿಪಾರ್‌ಗೆ ಇದು ಹೊಸದೇನಲ್ಲ. ಆ ತಿಂಗಳು ಬಂದ ಅಭ್ಯರ್ಥಿಗಳೆಲ್ಲರೂ ಸಾಧನೆಯ ಅಂಕಣದಲ್ಲಿ 'ಏನಿಲ್ಲ' ಎಂದು ಬರೆದು ಟೋಪಿ ಕೆಳಗೆಳೆದುಕೊಂಡು ಹೋಗಿದ್ದರು. ಹೀಗಾಗಿ ಕೇಂದ್ರವು ಸುತ್ತೋಲೆಯ ಘನತೆಯನ್ನೂ ಊರಿನ ಮಾನವನ್ನೂ ಏಕಕಾಲದಲ್ಲಿ ಕಾಪಾಡುವ ಸ್ಥಳೀಯ ನಿಯಮವೊಂದನ್ನು ರೂಪಿಸಿತು. ಅದರಂತೆ ಅಭ್ಯರ್ಥಿಯು ಒಂದು ಕುರಿ ಕಡಿದು ನೆರೆಹೊರೆಯನ್ನು ಕರೆಯತಕ್ಕದ್ದು. ನೆರೆಹೊರೆಯವರು ಒಬ್ಬೊಬ್ಬರಾಗಿ ಎದ್ದು ಅವನನ್ನು ಹೊಗಳತಕ್ಕದ್ದು. ಕೇಂದ್ರದ ಅಧಿಕಾರಿಯು ಸ್ಥಳದಲ್ಲಿ ಹಾಜರಿದ್ದು, ಊಟ ಮಾಡಿ, ಹೊಗಳಿಕೆಯನ್ನು ಯಥಾವತ್ತಾಗಿ ರೆಸ್ಯೂಮೆಯಲ್ಲಿ ದಾಖಲಿಸತಕ್ಕದ್ದು. ಎರಡನೆಯ ಬಾರಿ ಬಡಿಸಿಕೊಳ್ಳುವುದು ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯ.

ಕುರಿಯನ್ನು ಕಡಿಯಲಾಯಿತು. ಪಟ್ಟಣದ ಪ್ರತಿ ಮದುವೆಯಲ್ಲೂ ಮಾತಿನ ಮುಂದಾಳಾಗಿರುವ ಓರೋಜ್‌ಬಾಯ್ ಕರೆಯದೆಯೇ ಬಂದು ಹಿರಿಯರ ಜಾಗದಲ್ಲಿ ಕೂತ. ಮೊದಲು ಎದ್ದ ನೆರೆಯವನು ನಿಯತ್ತಿನಿಂದ, "ಎಸೆನ್‌ಕುಲ್ ಒಳ್ಳೇ ಮನುಷ್ಯ, ಬಾಯ್ಲರ್ ಚೆನ್ನಾಗಿ ನೋಡ್ಕೋತಾನೆ" ಎಂದು ಕೂತುಬಿಟ್ಟ. ಓರೋಜ್‌ಬಾಯ್‌ಗೆ ಇದು ಸಹಿಸಲಾಗಲಿಲ್ಲ.

"ಕುರಿ ತಿಂದು ಇಷ್ಟೇನಾ ಹೇಳೋದು? ಕೋಳಿ ತಿಂದಿದ್ರೂ ಇನ್ನೆರಡು ಮಾತು ಬರ್ತಿತ್ತು!" ಎಂದು ಗದರಿ, ತಾನೇ ಎದ್ದು ನಿಂತ. "ನೆನಪಿದೆಯಾ, ಆ ಘೋರ ಚಳಿಗಾಲ? ಕಣಿವೆಯಲ್ಲಿ ಹಕ್ಕಿ ಹಾರ್ತಾ ಹಾರ್ತಾನೇ ಹೆಪ್ಪುಗಟ್ಟಿ ಬೀಳ್ತಿತ್ತು. ಆಗ ಚಳಿಗಾಲ ಕಾರ್ಖಾನೆ ಬಾಗಿಲಿಗೆ ಬಂದು ನಿಂತು, ಎಸೆನ್‌ಕುಲ್, ಒಳಗೆ ಬರ್ಲಾ ಅಂತ ಕೇಳ್ತು. ಇವನು ಬೇಡ ಅಂದ. ಅದು ಬರಲಿಲ್ಲ!"

ಎಸೆನ್‌ಕುಲ್ ಸಂಕೋಚದಿಂದ ನೆಲ ನೋಡುತ್ತಾ, "ಹಂಗೇನಿಲ್ಲ" ಎಂದ. ಹಾಗೆನ್ನುವುದೇ ಕ್ರಮವಾದ್ದರಿಂದ ಯಾರೂ ಅದನ್ನು ನಂಬಲಿಲ್ಲ. ಆಮೇಲೆ ಎದ್ದವರೆಲ್ಲ ಓರೋಜ್‌ಬಾಯ್‌ಗಿಂತ ಒಂದು ಮೆಟ್ಟಿಲು ಮೇಲಕ್ಕೇ ಹತ್ತಬೇಕಾಯಿತು. ಜಿಪಾರ್ ಒಂದು ಕೈಯಲ್ಲಿ ಮೂಳೆ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಎಲ್ಲವನ್ನೂ ಬರೆದುಕೊಂಡಳು. ಬೆಳಿಗ್ಗೆ ಬೆರಳಚ್ಚಾಗಿ ಬಂದ ರೆಸ್ಯೂಮೆಯ ಮೊದಲ ಸಾಲುಗಳು ಹೀಗಿದ್ದವು: 'ಚಳಿಗಾಲದೊಂದಿಗೆ ಉನ್ನತ ಮಟ್ಟದ ಮಾತುಕತೆ ನಡೆಸಿ ಯಶಸ್ವಿಯಾದ ಅನುಭವ. ಕಾರ್ಖಾನೆಯೊಂದರ ಬೆಚ್ಚಗಿನ ವಾತಾವರಣವನ್ನು ಸ್ಥಾಪಿಸಿ, ಮುನ್ನಡೆಸಿ, ಪರಿವರ್ತಿಸಿದ ಸಾಮರ್ಥ್ಯ. ಸೂರ್ಯನ ಅನುಪಸ್ಥಿತಿಯಲ್ಲಿ ಪ್ರಭಾರ ಕರ್ತವ್ಯ.'

ಹೆಂಡತಿಗೆ ಓದಿ ಹೇಳಿದಾಗ ಬುರುಲ್ಚಾ, "ಇದು ಯಾರು? ನಂಗೂ ಪರಿಚಯ ಮಾಡ್ಸಿ" ಎಂದಳು.

ರೆಸ್ಯೂಮೆ ಪಟ್ಟಣದ ಬಾಯ್ಲರ್‌ಗಳನ್ನೆಲ್ಲ ನೋಡಿಕೊಳ್ಳುವ ಶಾಖ ಇಲಾಖೆಯ ನಿರ್ದೇಶಕ ಸೆಯಿತ್‌ಕಾಜಿಯ ಮೇಜಿಗೆ ಹೋಯಿತು. ನಿರ್ದೇಶಕರು ರೆಸ್ಯೂಮೆಗಳನ್ನು ಓದುವುದು ಒಂದೇ ಕಾರಣಕ್ಕೆ. ಹೊಸಬನು ಕೆಲಸಕ್ಕೆ ಸೇರಿದ ದಿನ ಇಲಾಖೆಯಲ್ಲಿ ಕುರಿ ಬೇಯಿಸುವ ಪದ್ಧತಿ ಇದೆ. ಕಿರ್ಗಿಜರ ಪಂಕ್ತಿಯಲ್ಲಿ ಸಿಕ್ಕವರಿಗೆ ಸಿಕ್ಕ ತುಂಡು ಹಾಕುವಂತಿಲ್ಲ. ತೊಡೆಯ ಮೂಳೆ ಯಾರಿಗೆ, ಪಕ್ಕೆಲುಬು ಯಾರಿಗೆ, ಎಲ್ಲರಿಗಿಂತ ಗೌರವಸ್ಥನ ಮುಂದಿಡುವ ತಲೆ ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ತಪ್ಪು ಮೂಳೆ ಬಡಿಸಿದ್ದಕ್ಕೆ ಮೊಮ್ಮಕ್ಕಳ ಕಾಲದವರೆಗೂ ಮಾತು ಬಿಟ್ಟ ಮನೆಗಳಿವೆ. ಹಾಗಾಗಿ ನೇಮಕಾತಿ ಫಾರಂನ ಕೊನೆಯ ಅಂಕಣವೇ 'ಅಭ್ಯರ್ಥಿಯ ಮುಂದೆ ಇಡತಕ್ಕ ಮೂಳೆ'.

ನಿರ್ದೇಶಕರು ಓದಿ ಬೆವರಿದರು. ಸೂರ್ಯನ ಪ್ರಭಾರದಲ್ಲಿದ್ದವನಿಗೆ ಪಕ್ಕೆಲುಬು ಕೊಡುವುದು ಹೇಗೆ? ತಲೆಯೇ ಕೊಡಬೇಕು. ಆದರೆ ಇಲಾಖೆಯಲ್ಲಿ ತಲೆ ತಿನ್ನುವವರು ನಿರ್ದೇಶಕರು. ತಲೆಗೆ ಅರ್ಹನಾದವನನ್ನು ನೆಲಮಾಳಿಗೆಗೆ ಇಳಿಸಿ ಕಲ್ಲಿದ್ದಲು ಎತ್ತಿಸಿದರೆ ಊರು ಉಗಿಯುತ್ತದೆ. ಅವರು ಬಹಳ ಯೋಚಿಸಿ ಎಸೆನ್‌ಕುಲ್‌ನನ್ನು 'ಉಷ್ಣ ವಿಷಯಗಳ ಗೌರವ ಹಿರಿಯರು' ಎಂದು ನೇಮಿಸಿದರು. ಊಟದ ದಿನ ತಲೆಯನ್ನು ಕೈಯಾರೆ ಅವನ ಮುಂದಿಟ್ಟು, ಹೆಗಲಿಗೆ ಕಸೂತಿಯ ನಿಲುವಂಗಿ ಹೊದಿಸಿ, ತಾವು ತೊಡೆ ತಿಂದರು.

"ಸಾಹೇಬ್ರೇ, ಸಂಬಳ?" ಎಂದು ಎಸೆನ್‌ಕುಲ್ ಮೆಲ್ಲಗೆ ಕೇಳಿದ.

ನಿರ್ದೇಶಕರು ಕಿವಿ ಮುಚ್ಚಿಕೊಂಡರು. "ಛೆ ಛೆ! ನಿಮ್ಮಂಥವರಿಗೆ ಸಂಬಳ ಕೊಟ್ಟು ಅವಮಾನ ಮಾಡೋದಾ? ನಮಗೆ ಅಷ್ಟೂ ಸಂಸ್ಕಾರ ಇಲ್ವಾ?"

"ಬಾಯ್ಲರ್ ಆದ್ರೂ ಹಚ್ಚಿ ಬರ್ತೀನಿ. ಶಾಲೇಲಿ ಮಕ್ಕಳು ಕೋಟು ಹಾಕ್ಕೊಂಡು ಕೂತಿದಾವೆ."

"ಅದು ನಿಮ್ಮ ಅಂತಸ್ತಿಗೆ ತಕ್ಕ ಕೆಲಸ ಅಲ್ಲ. ಹುದ್ದೆ ಖಾಲಿ ಅಂತ ಪ್ರಕಟಣೆ ಕೊಟ್ಟಿದೀವಿ. ಅರ್ಹರು ಯಾರಾದ್ರೂ ಬರ್ತಾರೆ."

ಅರ್ಹರು ಯಾರೂ ಬರಲಿಲ್ಲ. ಬಾಯ್ಲರ್ ಬಲ್ಲವನು ಊರಿಗೆಲ್ಲ ಎಸೆನ್‌ಕುಲ್ ಒಬ್ಬನೇ, ಅವನು ಅನರ್ಹ. ಶಾಲೆಯಲ್ಲಿ ಮಕ್ಕಳು ಪೆನ್ನಿನ ಶಾಯಿಯನ್ನು ಕಂಕುಳಲ್ಲಿಟ್ಟು ಕರಗಿಸಿಕೊಂಡು ಬರೆಯುವುದನ್ನು ಕಲಿತರು. ಇದನ್ನು ಶಿಕ್ಷಣದ ಹೊಸ ಕೌಶಲ್ಯವೆಂದು ವರದಿ ಮಾಡಲಾಯಿತು. ಎಸೆನ್‌ಕುಲ್ ನಿಲುವಂಗಿ ಹೊದ್ದು ಮನೆಗೆ ಬಂದರೆ ಬುರುಲ್ಚಾ ಖಾಲಿ ಪಾತ್ರೆಯನ್ನು ಅವನ ಮುಂದೆ ಇಟ್ಟಳು.

"ಗೌರವ ತಂದ್ರಲ್ಲ, ಹಾಕಿ ಇದಕ್ಕೆ. ಬೇಯಿಸ್ತೀನಿ."

ಬುರುಲ್ಚಾಳ ಅಣ್ಣ ಪ್ರಯಾಣಕ್ಕೆ ಸಿದ್ಧನಾಗಿ ಚೀಲ ಕಟ್ಟಿ ಎಸೆನ್‌ಕುಲ್‌ನ ಮನೆಯ ಜಗಲಿಯಲ್ಲೇ ಇಟ್ಟು ಹೋಗಿದ್ದ. ಬೆಟ್ಟದ ನೆತ್ತಿ ಆಗಲೇ ಬೆಳ್ಳಗಾಗಿತ್ತು. ಎಸೆನ್‌ಕುಲ್ ಮರ್ಯಾದೆ ಬಿಟ್ಟು ಜಿಪಾರ್ ಬಳಿಗೆ ಓಡಿದ.

"ತಂಗಿ, ಆ ಹೊಗಳಿಕೆ ಎಲ್ಲ ತೆಗೆದುಬಿಡು. ನಿಂಗೆ ಕೈ ಮುಗೀತೀನಿ."

"ದಾಖಲೆ ಆಗಿರೋದನ್ನ ತೆಗೆಯೋಕೆ ಬರಲ್ಲ ಅಣ್ಣ. ಕಳೆಯಬಹುದು. ನಿಮ್ಮನ್ನ ಚೆನ್ನಾಗಿ ಬಲ್ಲವರು ಯಾರಾದ್ರೂ ಬಂದು ಹೊಗಳಿಕೆಯಷ್ಟೇ ತೂಕದ ತೆಗಳಿಕೆ ಹೇಳ್ಬೇಕು. ಆಗ ಸರಿಹೋಗುತ್ತೆ."

ಎಸೆನ್‌ಕುಲ್ ಮನೆಮನೆಗೆ ಹೋಗಿ ತನ್ನನ್ನು ಬೈಯಬೇಕೆಂದು ಬೇಡಿಕೊಂಡ. ಮಾಂಸ ತಿಂದ ಮನೆಯವನನ್ನು ಹಳಿಯುವುದು ನೀಚತನವೆಂದು ಎಲ್ಲರೂ ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿದರು. ಓರೋಜ್‌ಬಾಯ್‌ಗಂತೂ ಕೋಪವೇ ಬಂತು. "ನಾನು ಮದುವೆ ಮನೇಲಿ ಮಾತಾಡೋನು. ನಾಳೆ ನನ್ನ ಯಾರು ಕರೀತಾರೆ?" ಎಂದ. "ಅದೂ ಅಲ್ದೆ, ನಿನ್ನ ವಿನಯ ನೋಡು! ತಲೆ ತಿಂದ ಮೇಲೂ ಬಾಯ್ಲರ್ ಕೆಲಸ ಕೇಳ್ತಿದೀಯ. ಇದನ್ನೂ ರೆಸ್ಯೂಮೆಗೆ ಸೇರಿಸ್ಬೇಕು." ಅವನು ಹೇಳಿದಂತೆಯೇ ಮಾಡಿದ. ಸಂಜೆಯೊಳಗೆ ರೆಸ್ಯೂಮೆ ಇನ್ನಷ್ಟು ಪರಿಣಾಮಕಾರಿಯಾಯಿತು.

ಮರುದಿನ ಎಸೆನ್‌ಕುಲ್ ಕೇಂದ್ರದ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾಗ ಬುರುಲ್ಚಾ ಬಾಗಿಲು ದೂಡಿಕೊಂಡು ಬಂದಳು. ಹಿಟ್ಟು ಮೆತ್ತಿದ ಕೈ, ಮೇಲಕ್ಕೆ ಮಡಚಿದ ಅಂಗಿಯ ತೋಳು.

"ಇಲ್ಲಿ ಕೂತಿದೀರಾ? ಅಣ್ಣ ಬಸ್ಸು ಕಾಯ್ತಿದಾನೆ. ಏನಂತೆ ಇವರ ತಕರಾರು?"

"ಅಕ್ಕ, ನಿಮ್ಮ ಯಜಮಾನರ ಬಗ್ಗೆ ಕೆಟ್ಟದ್ದು ಹೇಳೋರು ಊರಲ್ಲಿ ಒಬ್ಬರೂ ಇಲ್ಲ" ಎಂದಳು ಜಿಪಾರ್ ವಿಷಾದದಿಂದ.

ಬುರುಲ್ಚಾ ಕುರ್ಚಿ ಎಳೆದುಕೊಂಡು ಕೂತಳು.

"ಬರ್ಕೋ ತಾಯಿ. ಕುರಿ ಮಾರಿ ಬನ್ನಿ ಅಂತ ಸಂತೆಗೆ ಕಳಿಸಿದ್ರೆ ಇನ್ನೊಂದು ಕುರಿ ಕೊಂಡ್ಕೊಂಡು ಬಂದ್ರು, ಅದಕ್ಕೆ ಒಂಟಿ ಅನ್ಸುತ್ತೆ ಅಂತ. ಹಾಡ್ತಾರೆ, ನಾಯಿ ಎದ್ದು ಹೋಗುತ್ತೆ. ಮದುವೆ ದಿನ ಮುಖದ ತುಂಬ ಮಸಿ. ಬಾಯ್ಲರ್ ಕೊಳವೆ ಕಟ್ಕೊಂಡಿತ್ತಂತೆ, ಬಿಡಿಸ್ಕೊಂಡು ಬಂದ್ರಂತೆ. ನಮ್ಮಮ್ಮ ಮೂರ್ಛೆ ಹೋದ್ರು. ಒಂದು ಸುಳ್ಳು ಹೇಳಕ್ಕೆ ಬರಲ್ಲ, ಒಬ್ಬರ ಹತ್ರ ಜಗಳ ಆಡಕ್ಕೆ ಬರಲ್ಲ. ಮನೇಲಿ ನಾಲ್ಕು ಕೋಣೆ ಇದ್ರೂ ಒಲೆ ಹತ್ರ ಬಿಟ್ಟು ಬೇರೆ ಕಡೆ ಕೂರಲ್ಲ. ನಿದ್ದೆಗಣ್ಣಲ್ಲಿ ಎದ್ದು ಕೆಂಡ ಕೆದಕ್ತಾರೆ, ನನ್ ಕಾಲು ತಣ್ಣಗಿದೆಯಾ ಅಂತ ಮುಟ್ಟಿ ನೋಡ್ತಾರೆ, ಎಚ್ಚರ ಆಗಿಬಿಡುತ್ತೆ ನಂಗೆ. ಇವ್ರನ್ನ ರಷ್ಯಾಕ್ಕೆ ಕಳಿಸಿದ್ರೆ ಆ ಗೋದಾಮಿಗೆ ಬೆಂಕಿ ಹಾಕಿ ಕೂತ್ಕೋತಾರೆ ಅಷ್ಟೆ. ಬೆಂಕಿ ಕಾಯೋದು ಬಿಟ್ಟು ಈ ಜನ್ಮದಲ್ಲಿ ಇವ್ರಿಗೆ ಇನ್ನೇನೂ ಬರಲ್ಲ, ಬರಲ್ಲ, ಬರಲ್ಲ!"

ಹೇಳಿ ಮುಗಿಸಿ ಅವಳು ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡಳು. ಜಿಪಾರ್ ಬೆರಳು ನಿಲ್ಲಿಸದೆ ಎಲ್ಲವನ್ನೂ ಟೈಪ್ ಮಾಡಿ, ಕೂಡಿ, ಕಳೆದು, ಮೊಹರು ಒತ್ತಿದಳು. ಅಂತಿಮ ರೆಸ್ಯೂಮೆಯಲ್ಲಿ 'ಬೆಂಕಿ ಕಾಯುವುದು ಬಿಟ್ಟು ಇನ್ನೇನೂ ಬರುವುದಿಲ್ಲ' ಎಂಬ ಒಂದೇ ಸಾಲು ಉಳಿಯಿತು. ನಿರ್ದೇಶಕರು ಅದನ್ನೋದಿ ಕಣ್ಣು ಒರೆಸಿಕೊಂಡು, ಮೂಳೆಯ ಅಂಕಣದಲ್ಲಿ 'ಪಕ್ಕೆಲುಬು' ಎಂದು ಬರೆದರು. ಎಸೆನ್‌ಕುಲ್‌ಗೆ ಕೆಲಸವೂ ಸಂಬಳವೂ ಸಿಕ್ಕವು. ಬುರುಲ್ಚಾಳ ಅಣ್ಣ ಒಬ್ಬನೇ ಬಸ್ಸು ಹತ್ತಿದ.

ಉದ್ಯೋಗ ಕೇಂದ್ರವು ಅದೇ ವಾರ ನಿಯಮವನ್ನು ತಿದ್ದಿತು. ಇನ್ನು ಮುಂದೆ ವಿವಾಹಿತ ಅಭ್ಯರ್ಥಿಯ ರೆಸ್ಯೂಮೆಯನ್ನು ಅವನ ಹೆಂಡತಿಯೇ ಹೇಳಿ ಬರೆಸತಕ್ಕದ್ದು. ಅವಿವಾಹಿತರು ಮೊದಲು ಮದುವೆಯಾಗಿ, ಹೆಂಡತಿಗೆ ಸಾಕಷ್ಟು ಅನುಭವವಾದ ಮೇಲೆ ಅರ್ಜಿ ಸಲ್ಲಿಸತಕ್ಕದ್ದು. ಕೇಂದ್ರದ ಮುಂದೆ ಹೆಂಗಸರ ಸಾಲು ಬೀದಿಯ ತಿರುವಿನವರೆಗೂ ಬೆಳೆಯಿತು. ನಿರ್ದೇಶಕರ ಸೇವಾ ಅವಧಿ ನವೀಕರಣಕ್ಕೆಂದು ಬಂದ ಅವರ ಪತ್ನಿ, ಊಟ ಕಟ್ಟಿಕೊಂಡೇ ಬಂದಿದ್ದರು.

ಮೊದಲ ಹಿಮ ಬಿದ್ದ ಬೆಳಿಗ್ಗೆ ಶಾಲೆಯ ಚಿಮಣಿಯಿಂದ ಹೊಗೆ ಎದ್ದಿತು. ಆ ದಾರಿಯಲ್ಲಿ ಹೋಗುತ್ತಿದ್ದ ಓರೋಜ್‌ಬಾಯ್ ನೆಲಮಾಳಿಗೆಯ ಕಿಟಕಿಗೆ ಬಗ್ಗಿ ಕೂಗಿದ.

"ಏನಯ್ಯಾ, ನಿಂಗೆ ಏನೂ ಬರಲ್ವಂತೆ?"

ಎಸೆನ್‌ಕುಲ್ ಸಲಿಕೆ ಊರಿ ನಿಂತು ಎದೆ ಉಬ್ಬಿಸಿದ.

"ಏನೂ ಬರಲ್ಲ. ಮೊಹರು ಬಿದ್ದಿದೆ."

"ಪುಣ್ಯವಂತ" ಎಂದ ಓರೋಜ್‌ಬಾಯ್, ಮತ್ತು ಕೆಲಸಕ್ಕೆ ಅರ್ಜಿ ಹಾಕಬೇಕಿದ್ದ ತನ್ನ ಮಗನಿಗೆ ಬಾಯಿ ಜೋರಿರುವ ಹುಡುಗಿಯನ್ನು ನೋಡಲು ಪಕ್ಕದ ಊರಿಗೆ ಹೊರಟ.