ನಂತೂರಿನವರೆಗೆ ಟ್ರಿಪಲ್

ಮಾತು ಕಡಿಮೆ ಇರುವವರಿಗೇ ಇಂಥವೆಲ್ಲ ಯಾಕೆ ಆಗುತ್ತವೋ ಗೊತ್ತಿಲ್ಲ. ನಾನು ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್, ಅದೂ ಟೆಂಪರರಿ. ಪರ್ಮನೆಂಟ್ ಆಗಬೇಕಾದರೆ ಹೆಡ್ ಮಿಸ್ ಎದುರು ಡೆಮೊ ಕ್ಲಾಸ್ ಮಾಡಬೇಕಿತ್ತು. ಒಂದು ಶಬ್ದದ ಅರ್ಥ, ಮೂಲ ಎಲ್ಲ ವಿವರಿಸಬೇಕು. ನನಗೆ ಬಂದ ಶಬ್ದ ‘ಟ್ರಿಪಲ್’. ಶಬ್ದ ಸುಲಭವೇ, ಕಷ್ಟ ಇದ್ದದ್ದು ನನ್ನ ಸ್ವರದ್ದು. ಅದು ಎರಡನೇ ಬೆಂಚು ದಾಟುವುದಿಲ್ಲ. “ಕೊನೆ ಬೆಂಚಿಗೆ ಕೇಳದಿದ್ದರೆ ನಾನು ಬೇರೆಯವರನ್ನು ನೋಡ್ತೇನೆ” ಅಂತ ಹೆಡ್ ಮಿಸ್ ಮೊದಲೇ ಹೇಳಿಬಿಟ್ಟಿದ್ದರು.

ಸರ್ಕಲ್

ನಾವು ಮೂವರು ಟೀಚರುಗಳು ಒಂದೇ ಸ್ಕೂಟರಿನಲ್ಲಿ ಶಾಲೆಗೆ ಹೋಗುವುದು. ಹೆಲ್ಮೆಟ್ ಎರಡೇ, ನಡುವೆ ಕೂರುವವಳು ನಾನು. ನಂತೂರು ಸರ್ಕಲ್ ಬರುವ ಮೊದಲು ನಾನು ಇಳಿಯಬೇಕು, ಅವರಿಬ್ಬರ ಗುರುತೇ ಇಲ್ಲದವಳ ಹಾಗೆ ಅಲ್ಲಿ ನಿಂತಿರುವ ಟ್ರಾಫಿಕ್ ಪೊಲೀಸರ ಎದುರಿನಿಂದ ನಡೆದು ಹೋಗಬೇಕು, ಆಚೆ ಬಸ್‌ಸ್ಟಾಪಿನ ಹತ್ತಿರ ಪುನಃ ಹತ್ತಬೇಕು. ಒಂದು ದಿನ ಲಾರಿಗಳ ಸಾಲು ಮುಗಿಯಲೇ ಇಲ್ಲ. ರಸ್ತೆ ದಾಟಲು ಹೆದರಿ ನಿಂತೇ ಇದ್ದೆ. ಪೊಲೀಸರು ಕೈ ಅಡ್ಡ ಹಿಡಿದು ಲಾರಿಗಳನ್ನು ನಿಲ್ಲಿಸಿದರು. ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವರೇ ಮೆಲ್ಲ ಹೇಳಿದರು: “ಬೇಗ ಹೋಗಿ ಮೇಡಂ, ನಿಮ್ಮ ಸ್ಕೂಟರ್ ಆಗದಿಂದ ಕಾಯ್ತಾ ಉಂಟು.”

ಪ್ಲೇಟು

ಡೆಮೊದ ಬಗ್ಗೆ ನನ್ನ ಹೆದರಿಕೆ ನೋಡಿ ಸ್ಕೂಟರಿನ ಅವರಿಬ್ಬರೂ ಒಂದು ಸಂಜೆ ಹೋಟೆಲಿಗೆ ಕರೆದುಕೊಂಡು ಹೋದರು. ಡೆಮೊಗೆ ಸ್ಟಡಿ ಅಂತಲೇ ಟ್ರಿಪಲ್ ರೈಸ್ ಆರ್ಡರ್ ಮಾಡಿದ್ದು. ಅನ್ನ, ನೂಡಲ್ಸ್, ಗ್ರೇವಿ ಮೂರೂ ಒಂದೇ ಪ್ಲೇಟಿನಲ್ಲಿ. ಒಂದೇ ಪ್ಲೇಟು ಸಾಕು, ಮೂವರಿಗೆ ಭಾಗ ಮಾಡಿ ಕೊಡಿ ಅಂದೆವು. ಸಪ್ಲೈಯರ್ ಪೆನ್ನನ್ನು ಕಿವಿಗೆ ಸಿಕ್ಕಿಸಿದ. “ಎಂತ ಮೇಡಂ, ಒಳಗೆ ಅವರು ಕಷ್ಟಪಟ್ಟು ಮೂರು ಸೇರಿಸ್ತಾರೆ, ನೀವು ಪುನಃ ಮೂರು ಮಾಡಿಸ್ತೀರಿ.”

ಅಮ್ಮನ ಕೋಚಿಂಗ್

ಅಮ್ಮ ಬಂದರಿನಲ್ಲಿ ಮೀನು ಮಾರುವವರು. ಡೆಮೊದ ಹಿಂದಿನ ಸಂಜೆ ಅವರ ಎದುರು ಪ್ರಾಕ್ಟೀಸ್ ಮಾಡಿದೆ. ಶಾಲನ್ನು ಮೂರು ಮಡಿಕೆ ಮಾಡಿ ತೋರಿಸುತ್ತಾ, ಲ್ಯಾಟಿನ್‌ನಲ್ಲಿ ಟ್ರಿ ಅಂದರೆ ಮೂರು, ಪ್ಲಸ್ ಅಂದರೆ ಮಡಿ, ನಮ್ಮ ಮುಮ್ಮಡಿಯ ಹಾಗೆಯೇ ಅಂತ ವಿವರಿಸಿದೆ. ಅಮ್ಮ ಎಲ್ಲ ಕೇಳಿ, ವಿಷಯ ತಾಜಾ ಉಂಟು, ಆದರೆ ಈ ಸ್ವರಕ್ಕೆ ಒಂದು ಬಂಗುಡೆ ಮೀನೂ ಮಾರಿ ಹೋಗುವುದಿಲ್ಲ ಅಂದರು. ಹೇಗೆ ಕೂಗಬೇಕು ಅಂತ ತಾವೇ ಸೊಂಟಕ್ಕೆ ಕೈ ಕೊಟ್ಟು ನಿಂತು, “ಟ್ರಿಪಲ್… ಟ್ರಿಪಲ್ ನೋಡಿ…” ಅಂತ ರಾಗ ತೆಗೆದರು.

ಪಕ್ಕದ ಮನೆಯ ಅಕ್ಕ ಪಾತ್ರೆ ಹಿಡಿದುಕೊಂಡೇ ಗೇಟಿಗೆ ಬಂದರು. “ಇದು ಯಾವ ಮೀನು ಮಾರಾಯ್ತಿ? ಮುಳ್ಳು ಜಾಸ್ತಿ ಉಂಟಾ?”

ಕೊನೆ ಬೆಂಚು

ಮರುದಿನ ಹೆಡ್ ಮಿಸ್ ಬಂದು ಕೊನೆ ಬೆಂಚಿನಲ್ಲೇ ಕೂತರು. ಕಣ್ಣು ಮುಚ್ಚಿ ಅಮ್ಮನನ್ನು ನೆನೆದು, ಸೊಂಟಕ್ಕೆ ಕೈ ಕೊಟ್ಟು ಶುರು ಮಾಡಿದೆ. ಮೊದಲ ಬೆಂಚಿನವರು ಬೆಚ್ಚಿಬಿದ್ದರು. ಪಕ್ಕದ ಕ್ಲಾಸು ಸುಮ್ಮನಾಯಿತು. ಮಡಿಕೆ, ಮೂಲ ಎಲ್ಲ ಮುಗಿಸಿ, ಈಗ ನೀವು ಒಂದು ಉದಾಹರಣೆ ಕೊಡಿ ಅಂದೆ. ಕೊನೆ ಬೆಂಚಿನಿಂದಲೇ ಒಂದು ಕೈ ಮೇಲೆದ್ದಿತು. ಅಬ್ಬ, ಅಲ್ಲಿಯವರೆಗೆ ಕೇಳಿದೆ, ಕೆಲಸ ಉಳಿಯಿತು ಅಂದುಕೊಂಡೆ.

ಹೆಡ್ ಮಿಸ್ಸಿನ ಪಕ್ಕದಲ್ಲೇ ಕೂತಿದ್ದ ಹುಡುಗಿ ಎದ್ದು ನಿಂತು ಹೇಳಿದಳು: “ಸ್ಕೂಟರ್ ಮಿಸ್. ನಮ್ಮ ಸ್ಕೂಲ್ ಬಸ್ಸಿಂದ ದಿನಾ ಕಾಣ್ತದೆ. ನಂತೂರಿನವರೆಗೆ ಟ್ರಿಪಲ್, ನೀವು ಇಳಿದ ಮೇಲೆ ಡಬಲ್.”

ಇಡೀ ಕ್ಲಾಸು ತಲೆ ಆಡಿಸಿತು. ಎಲ್ಲರೂ ನೋಡಿದವರೇ.

ಹೆಡ್ ಮಿಸ್ ಎದ್ದು ಹೋದರು. ಆಮೇಲೆ ರೂಮಿಗೆ ಕರೆಸಿದರು. ನಾನು ಹಳೆಯ ಸ್ವರದಲ್ಲೇ ಸಾರಿ ಅಂದೆ, ಅದು ನನಗೇ ಕೇಳಿಸಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

“ನಾಳೆಯಿಂದ ಬಸ್ಸಲ್ಲಿ ಬನ್ನಿ. ಪರ್ಮನೆಂಟ್ ಟೀಚರ್ ದಿನಾ ನಂತೂರಲ್ಲಿ ಹಾಗೆ ಇಳಿದು ನಡೆಯುವುದು ಚಂದ ಅಲ್ಲ.”