ಎತ್ತಿಗಿದ್ದ ಸೋಮವಾರ

ಸಂಪ್ರದಾಯವನ್ನು ಕಾಪಾಡುವುದು ಕೂತಲ್ಲೇ ಮಾಡಬಹುದಾದ ಕೆಲಸ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನ್ಯಾಮತಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದ ಮೇಲೆ ಎರಡು ವರ್ಷದಿಂದ ನಾನು ಮಾಡುತ್ತಿರುವುದು ಅದೊಂದೇ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆ ತುಂಬ ವಿಭೂತಿ, ಆಮೇಲೆ ಜಗಲಿಯ ಕುರ್ಚಿ. ಅಲ್ಲಿ ಕೂತು ಹೋಗಿಬರುವವರನ್ನು ಹಿಡಿದು ನಮ್ಮ ಹಿರಿಯರು ಎಂಥವರು, ಈಗಿನವರು ಎಂಥವರು ಎಂದು ವಿವರಿಸುತ್ತೇನೆ. ಸುತ್ತಮುತ್ತ ಯಾವ ಸಂಘದ ಕಾರ್ಯಕ್ರಮವಿದ್ದರೂ ‘ಪಶ್ಚಿಮದವರು ನಮ್ಮಿಂದ ಕಲಿಯಬೇಕಾದ್ದು’ ಎಂಬ ನನ್ನ ಭಾಷಣ ಇದ್ದೇ ಇರುತ್ತದೆ. ಚನ್ನಗಿರಿಯಲ್ಲಿ ಮಾಡಿದ್ದೇನೆ, ಕತ್ತಲಗೆರೆಯಲ್ಲಿ ಮಾಡಿದ್ದೇನೆ, ಜಗಳೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಮಾಡಿಬಂದಿದ್ದೇನೆ. ಕಲಿಯಬೇಕಾದ ಪಶ್ಚಿಮದವರು ಮಾತ್ರ ಈವರೆಗೆ ಒಬ್ಬರೂ ಬಂದಿಲ್ಲ.

ಹೀಗೆ ಸುಖವಾಗಿದ್ದವನಿಗೆ ಹೊನ್ನಾಳಿಯಿಂದ ಪಂಚಾಕ್ಷರಪ್ಪನ ಫೋನು ಬಂತು. ಅಲ್ಲಿಯ ಸಂಘವೊಂದರ ಕಾರ್ಯದರ್ಶಿ ಆತ. “ಮೇಷ್ಟ್ರೇ, ನಿಮ್ಮ ಆ ಭಾಷಣ ನಮ್ಮೋರಿಗೆಲ್ಲ ಬಾಯಿಪಾಠ ಆಗೈತೆ. ಈ ಸಲ ತಿರುಗಿಸಿ ಹೇಳ್ರಿ. ಆ ಕಡೆನೂ ಹಳೇ ಪದ್ಧತಿ ಉಳಿಸ್ಬೇಕು ಅನ್ನೋರು, ಸಾಧುಸಂತರು ಇರ್ತಾರಲ್ಲ, ಅವರಿಂದ ನಾವು ಕಲಿಯೋದು ಏನೈತೆ ಅಂತ ಮಾತಾಡ್ರಿ” ಎಂದ. ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಆ ಮಾತು ಮೇಷ್ಟರ ಬಾಯಿಂದ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ. ಒಪ್ಪಿಕೊಂಡೆ.

ಗ್ರಂಥಾಲಯದ ಮೂಲೆಯಲ್ಲಿ ಈ ವಿಷಯದ ದಪ್ಪ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ನನಗಿಂತ ಮುಂಚೆ ಅದನ್ನು ಓದಿದ್ದು ಗೆದ್ದಲು ಮಾತ್ರ. ತಪ್ಪು ಕಂಡಲ್ಲಿ ಗುರುತು ಹಾಕೋಣವೆಂದು ಪೆನ್ಸಿಲ್ ಹಿಡಿದೇ ಓದಲು ಕೂತೆ. ನಾಲ್ಕು ದಿನವಾದರೂ ಪೆನ್ಸಿಲ್ಲಿಗೆ ಕೆಲಸವೇ ಸಿಗಲಿಲ್ಲ. ಹಳೆಯದೊಂದನ್ನು ಕಿತ್ತುಹಾಕುವ ಮೊದಲು ಅದನ್ನು ಯಾರು, ಯಾಕೆ ಇಟ್ಟರೆಂದು ವಿಚಾರಿಸಿ ಎಂದಿತ್ತು. ಇದನ್ನೇ ಅಲ್ಲವೇ ನಾನೂ ಹೇಳುವುದು ಎಂದು ಬೀಗಿದೆ. ಮುಂದಿನ ಪುಟದಲ್ಲಿ, ಉಳಿಸುವ ಮಾತಾಡುವವನು ಮೊದಲು ತನ್ನ ಬೀದಿ, ತನ್ನ ನೆರೆಹೊರೆ, ತನ್ನ ಮನೆಯನ್ನು ನೋಡಿಕೊಳ್ಳಲಿ ಎಂದಿತ್ತು. ಆ ಪುಟವನ್ನು ಸ್ವಲ್ಪ ಬೇಗ ತಿರುವಿದೆ. ಅದರ ಮುಂದಿನ ಅಧ್ಯಾಯ ನನಗೆ ಬಹಳ ಹಿಡಿಸಿತು. ವಾರಕ್ಕೊಂದು ದಿನ ಎಲ್ಲ ಗಡಿಬಿಡಿ ನಿಲ್ಲಿಸಿ ದೇವರು, ಮನೆಮಂದಿ, ಗೆಳೆಯರು ಎಂದು ನೆಮ್ಮದಿಯಾಗಿ ಕೂರಬೇಕಂತೆ. ಭಾಷಣಕ್ಕೆ ಮುಂಚೆ ಮನೆಯಲ್ಲಿ ಒಮ್ಮೆ ನಡೆಸಿ ನೋಡೋಣ ಎನ್ನಿಸಿತು.

ನನ್ನ ಹೆಂಡತಿ ಗಿರಿಜ ಇದನ್ನು ಕೇಳಿ, “ನಿಮಗೆ ದಿನಾಲೂ ರಜಾನೇ ಅಲ್ಲೇನ್ರೀ? ಇನ್ನೇನು ನಿಲ್ಲಿಸ್ತೀರಿ?” ಎಂದಳು. ಇಂಥ ಪ್ರಶ್ನೆಗಳಿಗೆ ಆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರ ಫೋನುಗಳನ್ನೂ ಟಿವಿ ರಿಮೋಟನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಎದುರುಮನೆಯ ನಜೀರ್ ಸಾಬರನ್ನೂ ಹಿಂದಿನ ಬೀದಿಯ ಇಬ್ಬರು ಗೆಳೆಯರನ್ನೂ ಕರೆದೆ. ನಜೀರ್ ಸಾಬರದು ಮಿಕ್ಸಿ, ಸ್ಟೌ ರಿಪೇರಿಯ ಅಂಗಡಿ. ಮಾತು ಕಡಿಮೆ. ಆದ್ದರಿಂದ ನನಗೆ ಅವರು ಅಚ್ಚುಮೆಚ್ಚು.

ವಿಶ್ರಾಂತಿ ಬಹಳ ಚೆನ್ನಾಗಿ ನಡೆಯಿತು. ಟೀ ಬಂತು, ಮಂಡಕ್ಕಿ ಒಗ್ಗರಣೆ ಬಂತು, ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಬಂತು, ಮತ್ತೆ ಟೀ ಬಂತು. ಇಂಥ ದಿನ ಬರೀ ಅನ್ನ ಸಾರು ಚೆಂದವಲ್ಲವೆಂದು ಮಧ್ಯಾಹ್ನಕ್ಕೆ ಹೋಳಿಗೆ ಮಾಡಿಸಿದ್ದೆ. ಹೂರಣಕ್ಕೆ ಏಲಕ್ಕಿ ಸ್ವಲ್ಪ ಕಡಿಮೆಯಾಯಿತು ಎಂದು ಕೂತಲ್ಲಿಂದಲೇ ಹೇಳಿದೆ. ಊಟವಾದ ಮೇಲೆ ಪಶ್ಚಿಮದ ಜ್ಞಾನಿಗಳ ಬಗ್ಗೆ ನಾನು ವಿವರಿಸುತ್ತಿರುವಾಗ ನಜೀರ್ ಸಾಬರು, “ನಾವೂ ಶುಕ್ರವಾರ ನಮಾಜಿಗೆ ಅಂಗಡಿ ಬಾಗಿಲು ಹಾಕ್ತೀವಿ ಮೇಷ್ಟ್ರೇ. ಆದ್ರೆ ಅವತ್ತೇ ನೋಡ್ರಿ ಮನೇಲಿ ಹೆಣ್ಮಕ್ಕಳಿಗೆ ಕೆಲಸ ಜಾಸ್ತಿ” ಎಂದರು. ನಾನು ಅದನ್ನು ಅವರ ಮನೆಯ ವಿಷಯವೆಂದು ತಿಳಿದೆ.

ಗಿರಿಜ ಲೋಟ ತೆಗೆದುಕೊಂಡು ಹೋಗಲು ಬಂದಿದ್ದಳು. “ಬಸವಾಪಟ್ಟಣದಾಗೆ ನಮ್ಮಪ್ಪ ಸೋಮವಾರ ಎತ್ತಿಗೆ ನೊಗ ಹಾಕ್ತಿರಲಿಲ್ಲ. ಬಿತ್ತಾಕೆ ಎಷ್ಟೇ ಅವಸರ ಇದ್ರೂ ಅಷ್ಟೇ. ಬಸವನ ವಾರ ಅಂತ ಮೈ ತೊಳೆದು ಮೇವು ಹಾಕಿ ಬಿಡ್ತಿದ್ದ” ಎಂದಳು. ಭಾಷಣಕ್ಕೆ ಬೇಕಾದ್ದು ಮನೆಯಲ್ಲೇ ಸಿಕ್ಕಿತಲ್ಲ ಎಂದು ನನಗೆ ಖುಷಿಯಾಗಿ, “ಎಂಥಾ ಪದ್ಧತಿ ನೋಡು” ಎನ್ನುತ್ತ ಬರೆದುಕೊಳ್ಳಲು ಕಾಗದ ಹುಡುಕಿದೆ.

“ನಾನು ಈ ಮನೆಗೆ ಬಂದು ಮೂವತ್ತೊಂದು ವರ್ಷ ಆತು. ನನ್ನ ವಾರ ಯಾವುದ್ರೀ?”

ಸಿಟ್ಟಿನಿಂದ ಕೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ ಕೇಳಿ ಒಳಗೆ ಹೋದಳು. ಗೆಳೆಯರು ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಟರು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಸಂಜೆ ಪುಸ್ತಕ ತೆರೆದರೆ, ಭಾಷಣಕ್ಕೆ ಬೇಡವೆಂದು ಬಿಟ್ಟಿದ್ದ ಪುಟವೇ ಎದುರಾಯಿತು. ಪಶ್ಚಿಮದ ಕೆಲವು ಮಠಗಳಲ್ಲಿ ಸನ್ಯಾಸಿಗಳೆಲ್ಲ ಸರದಿಯ ಮೇಲೆ ಅಡುಗೆಮನೆ ಸೇವೆ ಮಾಡಬೇಕಂತೆ. ಅಡುಗೆಯ ಪಾತ್ರೆಗಳನ್ನೂ ಪೂಜೆಯ ಪಾತ್ರೆಗಳಂತೆಯೇ ಜೋಪಾನ ಮಾಡಬೇಕಂತೆ. ಕಾಯಕದ ಬಗ್ಗೆ ನಾನು ಎಷ್ಟು ವೇದಿಕೆಗಳಲ್ಲಿ ಗಂಟಲು ಹರಿದುಕೊಂಡಿದ್ದೇನೋ ಲೆಕ್ಕವಿಲ್ಲ. ಬೇರೆಯವರ ಕಾಯಕವನ್ನು ಹೊಗಳುವುದಷ್ಟೇ ನನ್ನ ಕಾಯಕವಾಗಿತ್ತು. ಸಾವಿರಾರು ವರ್ಷಗಳ ಸಂಸ್ಕೃತಿಯನ್ನು ಉಳಿಸುತ್ತಿದ್ದವನು ಒಂದು ಲೋಟವನ್ನೂ ತೊಳೆದಿರಲಿಲ್ಲ.

ಮುಂದಿನ ಭಾನುವಾರ ಹೊನ್ನಾಳಿಗೆ ಹೋದೆವು. ಅಲ್ಲಿರುವ ತಂಗಿಯನ್ನು ನೋಡಿದ ಹಾಗಾಗುತ್ತದೆ ಎಂದು ಗಿರಿಜಳೂ ಬಂದಿದ್ದಳು. ಭಾಷಣ ಕಳೆಕಟ್ಟಿತು. ಪಶ್ಚಿಮದ ಬಿಡುವಿನ ದಿನದಿಂದ ಶುರುಮಾಡಿ, ನಮ್ಮ ಎತ್ತುಗಳ ಸೋಮವಾರಕ್ಕೆ ಬಂದು, ಹೊರಗಿನವರನ್ನು ಓದಿದರೆ ನಮ್ಮ ಮನೆಯಲ್ಲೇ ಮರೆತದ್ದು ಕಣ್ಣಿಗೆ ಬೀಳುತ್ತದೆ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಆಗ ನಡುವಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು, “ಚೆನ್ನಾಗಿ ಹೇಳಿದ್ರಿ ಮೇಷ್ಟ್ರೇ. ನಿಮ್ಮ ಮನೇಲಿ ಅಮ್ಮಾರಿಗೆ ಯಾವ ವಾರ ಬಿಡುವು?” ಎಂದರು. ಎರಡನೇ ಸಾಲಿನಲ್ಲಿದ್ದ ಗಿರಿಜ ತಲೆಯೆತ್ತಿ ಫ್ಯಾನು ನೋಡುತ್ತಿದ್ದಳು. ನನ್ನ ಕೈಯಲ್ಲಿ ಮೈಕ್ ಇತ್ತು. ಅದು ಬೇರೆ ದಿನ ಕೈಕೊಡುತ್ತದೆ, ಅವತ್ತು ಸರಿಯಾಗಿತ್ತು.

“ಸೋಮವಾರ” ಎಂದೆ. ಬೆಳಗಾದರೆ ಸೋಮವಾರವೇ ಎಂಬುದು ಹೇಳಿಯಾದ ಮೇಲೆ ನೆನಪಾಯಿತು.

ಬಸ್ಸು ನ್ಯಾಮತಿ ಹತ್ತಿರ ಬಂದಾಗ ಗಿರಿಜ, “ರವೆ ಮೇಲಿನ ಡಬ್ಬಿಯಾಗೆ ಐತೆ” ಎಂದಷ್ಟೇ ಹೇಳಿದಳು.

ಬೆಳಿಗ್ಗೆ ಐದಕ್ಕೇ ಎದ್ದೆ. ಸಾಸಿವೆ ಸಿಕ್ಕಿದಾಗ ಕರಿಬೇವು ಸಿಗಲಿಲ್ಲ, ಕರಿಬೇವು ಸಿಕ್ಕುವಷ್ಟರಲ್ಲಿ ಸಾಸಿವೆ ಸೀದುಹೋಗಿತ್ತು. ನೀರು ಹೆಚ್ಚಾಯಿತೆಂದು ರವೆ ಹಾಕಿದೆ, ರವೆ ಹೆಚ್ಚಾಯಿತೆಂದು ನೀರು ಹಾಕಿದೆ. ಹೀಗೆ ಇಬ್ಬರಿಗೆಂದು ಶುರುವಾದ ಉಪ್ಪಿಟ್ಟು ಬೀದಿಗೆಲ್ಲ ಸಾಲುವಷ್ಟಾಯಿತು. ಗಿರಿಜ ಏಳೂವರೆಗೆ ಎದ್ದು, ನಾನು ಕೊಟ್ಟ ಟೀ ಹಿಡಿದು ಜಗಲಿಯ ಮೇಲೆ ನನ್ನ ಕುರ್ಚಿಯಲ್ಲಿ ಕೂತಳು. ಕಾಲು ನೀಡಿ, ಯಾವ ಅವಸರವೂ ಇಲ್ಲದೆ ಬೀದಿ ನೋಡುತ್ತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲೇ ಇಲ್ಲ. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಮನಸ್ಸು ತುಂಬಿಬಂತು.

ತಟ್ಟೆ ಕೊಟ್ಟೆ. ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

“ಹೆಂಗೈತೆ?” ಎಂದೆ.

“ತಪ್ಪು ಹುಡುಕೋದೂ ಒಂದು ಕೆಲಸಾನೇ ಅಲ್ಲೇನ್ರೀ. ಇವತ್ತು ನನಗೆ ರಜಾ. ನಾಳೆ ಹೇಳ್ತೀನಿ.”

ಮಂಗಳವಾರ ಬೆಳಿಗ್ಗೆ ಹೇಳಿದಳು, ಒಗ್ಗರಣೆಯಿಂದ ಹಿಡಿದು ಬಾಣಲೆ ತಿಕ್ಕಿದ ರೀತಿಯವರೆಗೆ. ಎಲ್ಲವನ್ನೂ ಕೇಳಿಸಿಕೊಂಡೆ. ಒಂದೇ ಒಂದು ದಿನದ ಉಪ್ಪಿಟ್ಟಿಗೆ ನನಗೆ ಅಷ್ಟು ಚುರುಕು ಮುಟ್ಟಿತು. ಅವಳು ಬಡಿಸಿದ ಮೂವತ್ತೊಂದು ವರ್ಷದ ಊಟದಲ್ಲಿ ತಪ್ಪು ಹುಡುಕುವ ನನ್ನ ಬಾಯಿಗೆ ನಾನು ಒಂದು ದಿನವೂ ರಜೆ ಕೊಟ್ಟಿರಲಿಲ್ಲ.