ಅಕ್ಕನ ನೋವು, ನನ್ನ ಹೊಟ್ಟೆಕಿಚ್ಚು

ನಾನು ಮದುವೆಯಾಗಿ ಹೊಸಂಗಡಿಯ ಮನೆಗೆ ಬರುವಾಗ ಅಲ್ಲಿ ಆಗಲೇ ಇಬ್ಬರು ಸೊಸೆಯಂದಿರಿದ್ದರು. ಒಬ್ಬಳು ನನ್ನ ಗಂಡನ ಅಣ್ಣನ ಹೆಂಡತಿ. ಅವಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಇನ್ನೊಬ್ಬಳು ಅವಳ ನೋವು. ಮನೆಯ ಮರ್ಯಾದೆಯಲ್ಲಿ ನೋವಿಗೆ ಮೊದಲ ಸ್ಥಾನ, ಅಕ್ಕನಿಗೆ ಎರಡನೆಯದು. ನನ್ನ ಸ್ಥಾನ ಎಲ್ಲಿತ್ತು ಎಂದು ಕೇಳುತ್ತೀರಾ? ಅರೆಯುವ ಕಲ್ಲಿನ ಆಸುಪಾಸಿನಲ್ಲಿ ಹುಡುಕಿ, ಸಿಕ್ಕಿದರೆ ಸಿಗಬಹುದು.

ನಮ್ಮ ಅತ್ತೆ ಸಾಮಾನ್ಯದ ಹೆಂಗಸಲ್ಲ. ಚಳಿಜ್ವರ ಬಂದು ನಡುಗುವವರನ್ನು ಕಂಡರೂ "ಹಾಗಾದರೆ ಒಲೆಯ ಹತ್ತಿರವೇ ಕೂತುಕೋ, ಗಂಜಿ ಉಕ್ಕದ ಹಾಗೆ ನೋಡಿಕೊಂಡ ಹಾಗೂ ಆಯ್ತು" ಎನ್ನುವವರು. ಅಂಥ ಅತ್ತೆ ಅಕ್ಕನ ನೋವಿನ ಮುಂದೆ ಮಾತ್ರ ಬೆಣ್ಣೆಯಾಗುತ್ತಿದ್ದರು. ಸಂಜೆ ಹಂಡೆಯ ಮೊದಲ ಬಿಸಿನೀರು ನೋವಿಗೆ. ಮಾಡಿನ ಕೆಳಗೆ ನೇತುಹಾಕಿದ ಬಾಟಲಿಯ ತೈಲ ನೋವಿಗೆ. ನನ್ನ ಸ್ನಾನದ ಸರದಿ ಬರುವಾಗ ಹಂಡೆಯ ತಳದಲ್ಲಿ ಒಂದಿಷ್ಟು ಉಗುರುಬೆಚ್ಚಗಿನ ನೀರು ಮತ್ತು ಅದರ ಮೇಲೆ ತೇಲುವ ಬೂದಿ ಉಳಿದಿರುತ್ತಿತ್ತು. ಹೊಸ ಮದುಮಗಳು ನಾನು! ಬೂದಿಯಲ್ಲಿ ಸ್ನಾನ ಮಾಡಲು ನಾನೇನು ಸನ್ಯಾಸಿನಿಯೇ?

ನನಗೂ ಒಂದು ನೋವು ಬೇಕು ಅನಿಸಿತು. ಒಂದು ಬೆಳಿಗ್ಗೆ ಸೊಂಟ ಹಿಡಿದುಕೊಂಡು, ಮುಖವನ್ನು ಆದಷ್ಟು ಹಿಂಡಿಕೊಂಡು ಅಡುಗೆಮನೆಗೆ ಬಂದೆ.

"ಎಂತ ಆಯ್ತು?" ಎಂದರು ಅತ್ತೆ.

"ಸೊಂಟ ನೋವು ಅತ್ತೆ."

"ನಿನ್ನೆ ಹಲಸಿನ ಹಣ್ಣು ಎಷ್ಟು ತಿಂದಿದ್ದಿ?"

"ಹಲಸಿನ ಹಣ್ಣಿಗೂ ಸೊಂಟಕ್ಕೂ ಎಂತ ಸಂಬಂಧ ಅತ್ತೆ?"

"ಹೊಟ್ಟೆ ಭಾರ ಆದರೆ ಹೊರುವುದು ಯಾರು? ಸೊಂಟವೇ ಅಲ್ಲವಾ? ಅಕ್ಕಿ ನೆನೆಹಾಕಿದ್ದುಂಟು, ಕೂತು ಅರೆ. ಎಲ್ಲ ಸಡಿಲ ಆಗ್ತದೆ."

ಅರೆದೆ. ಸಂಜೆಯ ಹೊತ್ತಿಗೆ ನಿಜವಾಗಿಯೇ ಸೊಂಟ ನೋಯತೊಡಗಿತು. ಆದರೆ ಈಗ ಹೇಳಿದರೆ ಯಾರು ನಂಬುತ್ತಾರೆ?

ಅಕ್ಕನ ನೋವಿನ ಹೆಚ್ಚುಗಾರಿಕೆ ಏನೆಂದರೆ ಅದು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಬೆಳಿಗ್ಗೆ ಕುತ್ತಿಗೆಯಲ್ಲಿದ್ದರೆ ಮಧ್ಯಾಹ್ನ ಭುಜಕ್ಕೆ ಬರುತ್ತಿತ್ತು, ಸಂಜೆಗೆ ಸೊಂಟದಲ್ಲಿ ಬಿಡಾರ ಹೂಡುತ್ತಿತ್ತು. ಔಷಧ ಕೊಡುವ ಪಂಡಿತರು ಒಮ್ಮೆ ಮನೆಗೇ ಬಂದರು. ಅವರಿಗೆ ಬೆಲ್ಲ ನೀರು ಕೊಟ್ಟದ್ದೂ ನಾನೇ, ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡದ್ದೂ ನಾನೇ.

"ನೋವು ಎಲ್ಲಿ?" ಎಂದರು ಪಂಡಿತರು.

"ನೀವು ಬರುವ ಮೊದಲು ಎಲ್ಲಿತ್ತು ಅಂತ ಹೇಳುವುದಾ, ಈಗ ಎಲ್ಲಿ ಉಂಟು ಅಂತ ಹೇಳುವುದಾ?"

ಪಂಡಿತರು ನಾಡಿ ಹಿಡಿದು ನೋಡಿದರು. "ಮನಸ್ಸಿಗೆ ಎಂತಾದರೂ ಚಿಂತೆ ಉಂಟಾ ನಿಮಗೆ?"

"ಚಿಂತೆ ಮಾಡ್ಲಿಕ್ಕೆ ಪುರುಸೊತ್ತು ಎಲ್ಲಿ ಪಂಡಿತರೇ, ಇಡೀ ದಿನ ನೋವೇ ಉಂಟಲ್ಲ" ಎಂದಳು ಅಕ್ಕ. ಪಂಡಿತರು ತೈಲದ ಹೆಸರು ಬದಲಿಸಿ ಹೊರಟುಹೋದರು.

ನೋವು ಹೆಚ್ಚಾದಾಗ ಅವಳು ಹಾಸಿಗೆಯಲ್ಲಿ ಮಲಗುತ್ತಿರಲಿಲ್ಲ. ಹೊರಗಿನ ಜಗಲಿಯಲ್ಲಿ, ಸೆಗಣಿ ಸಾರಿಸಿದ ಬರಿ ನೆಲದ ಮೇಲೆ, ಎಡಗಿವಿ ನೆಲಕ್ಕೆ ಒತ್ತಿಕೊಂಡು ಮಲಗುತ್ತಿದ್ದಳು. ಬಂದವರು ಹೋದವರು ಅವಳನ್ನು ಸುತ್ತಿ ದಾಟಬೇಕು. "ತಣ್ಣಗಿನ ನೆಲ ಬೆನ್ನಿಗೆ ಒಳ್ಳೆಯದು" ಎನ್ನುತ್ತಿದ್ದಳು. ನೆಲಕ್ಕೆ ತಾಗಿದ್ದು ಕಿವಿ, ಒಳ್ಳೆಯದು ಬೆನ್ನಿಗೆ! ಇದನ್ನು ಆ ಮನೆಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ನಾನು ಹಾಗೆ ಮಲಗಿದ್ದರೆ ಅತ್ತೆ ನನ್ನನ್ನೂ ಸೇರಿಸಿ ಗುಡಿಸಿಬಿಡುತ್ತಿದ್ದರು.

ಬೆಳ್ಳಿಯ ವಿಷಯ ಹೇಳಿದರೆ ನಿಮಗೂ ನನ್ನ ಸಂಕಟ ಅರ್ಥವಾದೀತು. ಮೈಯ ಯಾವ ಭಾಗಕ್ಕೆ ತೊಂದರೆಯೋ ಆ ಭಾಗವನ್ನು ಬೆಳ್ಳಿಯಲ್ಲಿ ಮಾಡಿಸಿ ದೇವರಿಗೆ ಒಪ್ಪಿಸುವ ಕ್ರಮ ನಮ್ಮ ಕಡೆ ಇದೆ. ಅತ್ತೆ ತಮ್ಮ ಹಳೆಯ ಕಾಲುಗೆಜ್ಜೆಯನ್ನು ಆಚಾರಿಗೆ ಕೊಟ್ಟು, ಅಕ್ಕನ ಭುಜನೋವಿಗೆಂದು ಒಂದು ಬೆಳ್ಳಿಯ ಕೈ ಮಾಡಿಸಿದರು. ಕೈ ಮನೆಗೆ ಬರುವಷ್ಟರಲ್ಲಿ ನೋವು ಕಾಲಿಗೆ ಇಳಿದಿತ್ತು. ನೋವು ಕಾಲಿನಲ್ಲಿಟ್ಟುಕೊಂಡು ದೇವರಿಗೆ ಕೈ ಕೊಡುವುದುಂಟೇ? ಕರಗಿಸಿ ಕಾಲು ಮಾಡಿಸಿದರು. ಆಗ ನೋವು ಕುತ್ತಿಗೆಗೆ ಹಾರಿತು.

ಆಚಾರಿ ಕೈಮುಗಿದ. "ಅಮ್ಮಾ, ಅವರ ನೋವಿನಷ್ಟು ಬೇಗ ನನ್ನ ಕೈ ಓಡುವುದಿಲ್ಲ. ಒಂದು ಇಡೀ ಆಳನ್ನೇ ಮಾಡಿಬಿಡುವ. ಮತ್ತೆ ಅದು ಎಲ್ಲಿಗೆ ಹೋದರೂ ಒಳಗೇ ಇರ್ತದಲ್ಲ."

ಹೀಗೆ ಹೆಬ್ಬೆರಳಿನಷ್ಟು ಉದ್ದದ ಒಬ್ಬ ಬೆಳ್ಳಿಯ ಹೆಂಗಸು ನಮ್ಮ ಮನೆಗೆ ಬಂದಳು. ಅವಳಿಗೆ ಸೀರೆಯ ನೆರಿಗೆ ಇತ್ತು, ತುರುಬು ಇತ್ತು. ಮಳೆಗಾಲ ಮುಗಿದ ಮೇಲೆ ಮಧೂರಿನ ದೇವಸ್ಥಾನಕ್ಕೆ ಹೋಗಿ ಒಪ್ಪಿಸುವುದೆಂದು ನಿಶ್ಚಯವಾಗಿ, ಅಲ್ಲಿಯವರೆಗೆ ಅವಳು ಅಕ್ಕನ ಮರದ ಪೆಟ್ಟಿಗೆಯಲ್ಲಿ ರೇಷ್ಮೆ ಬಟ್ಟೆಯ ಮೇಲೆ ಮಲಗಿದಳು. ನನ್ನ ಪಾಲಿಗೆ ಆ ಮನೆಯಲ್ಲಿ ಒಂದು ಮೂಗುತಿಯೂ ಆಗಿರಲಿಲ್ಲ. ಹೆಬ್ಬೆರಳಿನಷ್ಟು ಗೊಂಬೆಯ ಮೇಲೆ ನಾನು ಎಷ್ಟು ಹೊಟ್ಟೆಕಿಚ್ಚು ಪಟ್ಟೆ ಎಂದು ಹೇಳಿದರೆ ನೀವು ನಗುತ್ತೀರಿ. ನಗಿ, ಅದಕ್ಕೇ ಹೇಳುತ್ತಿದ್ದೇನೆ.

ಹೊಟ್ಟೆಕಿಚ್ಚಿನವರ ಕಣ್ಣು ಚುರುಕು. ಅಕ್ಕನ ನೋವು ಬಸ್ಸಿನ ವೇಳೆಯಂತೆ ನಡೆಯುತ್ತದೆ ಎಂದು ಮನೆಯಲ್ಲಿ ಮೊದಲು ಕಂಡುಹಿಡಿದವಳು ನಾನೇ.

ಅವಳ ಗಂಡ, ಅಂದರೆ ನನ್ನ ಬಾವ, ಹೊಸಂಗಡಿಯಿಂದ ಒಳನಾಡಿಗೆ ಹೋಗುವ ಬಸ್ಸಿನ ಡ್ರೈವರು. ಯುದ್ಧದ ಕಾಲ ಅದು, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿ, ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಏರು ಬಂದರೆ ಜನ ಇಳಿದು ನಡೆಯಬೇಕು. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಯಾರಿಗೂ ನಂಬಿಕೆ ಇಲ್ಲದ ಕಾರಣ, ಚಕ್ರಕ್ಕೆ ಅಡ್ಡ ಇಡಲು ಒಂದು ಮರದ ತುಂಡು ಯಾವಾಗಲೂ ಸಿದ್ಧವಿರುತ್ತಿತ್ತು. ನಾನು ಮದುವೆಯಾಗಿ ಬರುವ ಹಿಂದಿನ ಮಳೆಗಾಲದಲ್ಲಿ ಆ ಮರದ ತುಂಡೂ ಜಾರಿ, ಬಸ್ಸು ಗದ್ದೆಗೆ ಇಳಿದಿತ್ತಂತೆ. ಬಾವ ಮೈತುಂಬ ಕೆಸರಿನಲ್ಲಿ ನಡೆದುಕೊಂಡು ಮನೆಗೆ ಬಂದು, ಸ್ನಾನ ಮಾಡಿ, ಹೊಟ್ಟೆತುಂಬ ಗಂಜಿ ಉಂಡು, ಗೊರಕೆ ಹೊಡೆದರಂತೆ. ಮರುದಿನ ಬೆಳಿಗ್ಗೆ ಅಕ್ಕನಿಗೆ ಕುತ್ತಿಗೆ ತಿರುಗಿಸಲಾಗಲಿಲ್ಲ. ಬಿದ್ದದ್ದು ಬಾವ, ಉಳುಕಿದ್ದು ಅಕ್ಕನಿಗೆ!

ಅಂದಿನಿಂದ ಬಸ್ಸು ಹೊರಟರೆ ಅವಳಿಗೆ ಕುತ್ತಿಗೆ ಹಿಡಿಯುತ್ತಿತ್ತು, ತಡವಾದರೆ ಸೊಂಟ. ಸಂಜೆ ತಿರುವಿನಲ್ಲಿ ಹಾರ್ನು ಪೋಂ ಎಂದಿತೋ, ಅಕ್ಕ ನೆಲದಿಂದ ಎದ್ದು, ಸೆರಗು ಕೊಡವಿ, ತೆಂಗಿನಕಾಯಿ ತುರಿಯಲು ಕೂತಳು.

"ನೋಡಿದಿರಾ ಉಪಾಯ" ಎಂದು ನನ್ನ ಗಂಡನಿಗೆ ಹೇಳಿದೆ. "ಬಾವ ಬಂದ ಕೂಡಲೇ ಗುಣ!"

"ಹೆದರಿಕೆ ಇರ್ಬಹುದು ಮಾರಾಯ್ತಿ" ಎಂದರು ಅವರು.

"ಹೆದರಿಕೆಗೆ ತೈಲ ಹಚ್ಚುವುದುಂಟಾ?"

ಆಗ ಅವರು ಪೇಟೆಯ ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಡೆದು ಹೋಗಿ ನಡೆದು ಬರುವ ಗಂಡ. ಅವರಿಗಾಗಿ ಯಾರು ಹಾರ್ನು ಹೊಡೆಯುತ್ತಾರೆ?

ಹಾಗಿರುವಾಗ ಬಾವನೇ ಹೇಳಿ ತಮ್ಮನನ್ನು ಅದೇ ಬಸ್ಸಿಗೆ ಕಂಡಕ್ಟರ್ ಮಾಡಿಸಿದರು. ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಇನ್ನು ಮೇಲೆ ಆ ಹಾರ್ನಿನಲ್ಲಿ ಅರ್ಧ ನನ್ನದು! ಮೊದಲ ಸಂಜೆ ಪೋಂ ಎಂದಾಗ ನಾನು ಅಕ್ಕನಿಗಿಂತ ಮೊದಲು ಅಂಗಳಕ್ಕೆ ಹೋಗಿ ನಿಂತೆ. ಸುಳ್ಳು ಏಕೆ ಹೇಳಲಿ, ಅವಳು ನೋಡಲಿ ಎಂದೇ ನಿಂತೆ.

ಆಟಿ ತಿಂಗಳ ಒಂದು ಸಂಜೆ ಹಾರ್ನು ಕೇಳಲಿಲ್ಲ. ಬೆಳಗಿನಿಂದ ಮಳೆ ಹಿಡಿದು ಸುರಿಯುತ್ತಿತ್ತು. ದೀಪ ಹಚ್ಚುವ ಹೊತ್ತಾಯಿತು. ಅಕ್ಕ ಎಂದಿನಂತೆ ಜಗಲಿಯಲ್ಲಿ ಮಲಗಿದ್ದಳು. ನಾನು ಕಂಬ ಹಿಡಿದು ರಸ್ತೆ ನೋಡುತ್ತಿದ್ದೆ. ಬಸ್ಸು ಬರುತ್ತದೆ, ಬರದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಆಗ ಬಲಭುಜದ ಹಿಂದೆ ಏನೋ ಹಿಡಿದುಕೊಂಡಿತು. ಬೆಳಿಗ್ಗೆ ಅರೆದದ್ದು ಹೆಚ್ಚಾಗಿರಬೇಕು ಎಂದುಕೊಂಡೆ. ಅದು ನಿಧಾನವಾಗಿ ಕುತ್ತಿಗೆಗೆ ಏರಿತು. ಉಸಿರೆಳೆದರೆ ಚುಚ್ಚಿತು.

ಯಾರಿಗೆ ಹೇಳುವುದು? ನೋವು ಬೇಕೆಂದು ನಾಟಕ ಆಡಿದವಳು ನಾನು. ಹಲ್ಲು ಕಚ್ಚಿ ನಿಂತೆ.

"ಎಲ್ಲಿ? ಭುಜವಾ?" ಅಕ್ಕನ ದನಿ ಕೆಳಗಿನಿಂದ ಬಂತು.

"ಎಂತ ಇಲ್ಲ ಅಕ್ಕ."

ಅವಳು ಎದ್ದಳು. ಸೊಂಟ ಹಿಡಿದುಕೊಂಡೇ ಒಳಗೆ ಹೋಗಿ ತೈಲದ ಬಾಟಲಿ ತಂದು, ನನ್ನ ಹಿಂದೆ ನಿಂತು, ಸರಿಯಾಗಿ ನೋಯುವ ಜಾಗಕ್ಕೇ ಬೆರಳು ಒತ್ತಿದಳು. "ಇದು ಈಗ ಮೇಲೆ ಹೋಗ್ತದೆ, ಮತ್ತೆ ಇಳೀತದೆ. ಹೆದರಬೇಡ, ಇದರ ದಾರಿ ಎಲ್ಲ ನನಗೆ ಗೊತ್ತುಂಟು. ಇಲ್ಲಿ ಬಾ, ಮಲಗು. ಕಿವಿ ನೆಲಕ್ಕೆ ಇಡು."

ಮಲಗಿದೆ. ಅವಳೂ ಪಕ್ಕದಲ್ಲಿ ಮಲಗಿದಳು, ನನ್ನ ಮುಖಕ್ಕೆ ಮುಖ ಕೊಟ್ಟು.

"ಹಾರ್ನು ತಿರುವಿಗೆ ಬಂದ ಮೇಲೆ ಮಾತ್ರ ಕೇಳುವುದು" ಎಂದಳು. "ನೆಲಕ್ಕೆ ಮೊದಲೇ ಗೊತ್ತಾಗ್ತದೆ. ಅಷ್ಟು ಬೇಗ ನಮಗೆ ಉಸಿರು ಬಿಡ್ಲಿಕ್ಕಾಗ್ತದಲ್ಲ."

ಅತ್ತೆ ಹೊರಗೆ ಬಂದು ನಮ್ಮಿಬ್ಬರನ್ನೂ ನೋಡಿದರು. ಗುಡಿಸಲಿಲ್ಲ. ಬಚ್ಚಲುಮನೆಯಲ್ಲಿ ಬೆಂಕಿ ಹಾಕಿ ಬಂದು, "ಇವತ್ತು ಮೊದಲ ನೀರು ಸಣ್ಣವಳಿಗೆ" ಎಂದರು. ಇಷ್ಟು ಕಾಲ ನಾನು ಆಸೆಪಟ್ಟ ಬಿಸಿನೀರು! ನನಗೆ ಅದು ಬೇಡವಾಗಿತ್ತು. ನನಗೆ ಬೇಕಾಗಿದ್ದದ್ದು ನೆಲದೊಳಗಿನ ಒಂದು ಸದ್ದು.

ಎಷ್ಟೋ ಹೊತ್ತಿನ ಮೇಲೆ ಕಿವಿಯ ಕೆಳಗೆ ಏನೋ ಗುಡುಗುಟ್ಟಿತು. ಮಳೆಯೋ ಎಂದು ಅಕ್ಕನ ಕಣ್ಣು ನೋಡಿದೆ. ಅಲ್ಲ ಎಂದು ಅವಳು ತಲೆ ಆಡಿಸಿದಳು. ಆಮೇಲೆ ಹಾರ್ನು ಕೇಳಿತು. ದಾರಿಯ ಮೋರಿಯ ಮೇಲೆ ನೀರು ಬಂದು, ಅದು ಇಳಿಯುವವರೆಗೆ ಅಣ್ಣ ತಮ್ಮ ಬಸ್ಸಿನಲ್ಲೇ ಕೂತು ಅವಲಕ್ಕಿ ತಿಂದರಂತೆ! ನನ್ನ ಭುಜ ಮಾತ್ರ ಮರುದಿನವೂ ಬಿಡಲಿಲ್ಲ.

ಮಳೆಗಾಲ ಮುಗಿದ ಮೇಲೆ ಮಧೂರಿಗೆ ಹೋದೆವು. ಅಕ್ಕ ರೇಷ್ಮೆ ಬಟ್ಟೆ ಬಿಚ್ಚಿ ಬೆಳ್ಳಿಯ ಹೆಂಗಸನ್ನು ಅಂಗೈಯಲ್ಲಿಟ್ಟುಕೊಂಡು, ನನ್ನ ಕೈಯನ್ನೂ ಎಳೆದು ಅದರ ಮೇಲೆ ಇರಿಸಿದಳು.

"ನಿನಗೆ ಬೇರೆ ಮಾಡಿಸ್ಲಿಕ್ಕೆ ಈಗ ಬೆಳ್ಳಿ ಇಲ್ಲ. ಇದರಲ್ಲೇ ಇಬ್ಬರೂ ಹಿಡಿಸ್ತೇವೆ" ಎಂದಳು.

ನಾನು ಕಣ್ಣು ಮುಚ್ಚಿದೆ. ನನ್ನ ಗಂಡ ಕ್ಷೇಮವಾಗಿರಲಿ, ನನ್ನ ಭುಜ ಬಿಡಲಿ ಎಂದು ಬೇಡಿಕೊಂಡೆ. ಪಕ್ಕದಲ್ಲಿ ಅಕ್ಕ ಮೆಲುದನಿಯಲ್ಲಿ ಬೇಡಿಕೊಳ್ಳುವುದು ಕೇಳಿಸುತ್ತಿತ್ತು. ಅವಳು ಮೊದಲು ಹೇಳಿದ್ದು ನನ್ನ ಹೆಸರು. ನನಗೆ ಅಲ್ಲಿಯೂ, ದೇವರ ಎದುರಿನಲ್ಲಿಯೂ, ಹೊಟ್ಟೆಕಿಚ್ಚಾಯಿತು. ಅವಳ ಹೆಸರು ಹೇಳಬೇಕೆಂದು ನನಗೆ ಮೊದಲು ಹೊಳೆಯಬಾರದಿತ್ತೇ? ತಡವಾಗಿ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವಳು ನನ್ನ ಕೈಯನ್ನು ಬಿಡಲಿಲ್ಲ.